ಕರಿಕಲ್ಲಿನ ಮೇಲೆ ಮೂರು ಹಿಡಿ ಮಣ್ಣು

ರಾಜಗೋಪಾಲನಗರದಲ್ಲಿ ನಾವಿದ್ದ ವಠಾರದ ಮುಂದಿನ ರೂಮಿನಲ್ಲಿ ಯಾರೂ ಇರಲಿಲ್ಲ. ಆದರೂ ಯಾರಾದರೂ ಬಾಡಿಗೆಗೆ ಕೇಳಿಕೊಂಡು ಬಂದರೆ ಓನರಮ್ಮ "ಖಾಲಿ ಇಲ್ಲ ಕಣಪ್ಪ" ಎಂದು ಕಳಿಸಿಬಿಡುತ್ತಿದ್ದರು. ಪೀಣ್ಯದಲ್ಲಿ ರಾಗಿ ಹೊಲಗಳ ನಡುವೆ ಒಂದರ ಹಿಂದೊಂದು ಶೆಡ್ಡು ಏಳುತ್ತಿದ್ದ ಕಾಲ ಅದು. ಟರ್ನರು, ಫಿಟ್ಟರು, ವೆಲ್ಡರು ಅಂತ ಬೇರೆ ಬೇರೆ ಊರುಗಳಿಂದ ಬಂದ ಹುಡುಗರು ಸಂಜೆಯಾದರೆ ರೂಮು ಹುಡುಕುತ್ತಾ ಬೀದಿ ಅಲೆಯುತ್ತಿದ್ದರು. ದನದ ಕೊಟ್ಟಿಗೆಗೆ ಶೀಟು ಹೊದಿಸಿ ಬಾಡಿಗೆಗೆ ಕೊಟ್ಟವರೂ ಇದ್ದರು. ಅಂಥದ್ದರಲ್ಲಿ ಬೀದಿಗೆ ಕಿಟಕಿ ಇದ್ದ ಒಳ್ಳೆಯ ರೂಮನ್ನು ಈಕೆ ಸುಮ್ಮನೆ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಸಿಟ್ಟು. ನಮ್ಮದು ಹಿಂದಿನ ಸಾಲಿನ ಕತ್ತಲೆ ಮನೆ, ಹಗಲಲ್ಲೇ ದೀಪ ಹಾಕಿಕೊಂಡು ಅಕ್ಕಿ ಆರಿಸಬೇಕಿತ್ತು. ಆ ಮುಂದಿನ ರೂಮಿನ ಮೇಲೆ ನಾನು ಬಂದ ದಿನವೇ ಕಣ್ಣು ಹಾಕಿದ್ದೆ.

ಆ ರೂಮಿನಲ್ಲಿದ್ದದ್ದು ಒಂದು ಕಬ್ಬಿಣದ ಟ್ರಂಕು ಮಾತ್ರ. ಅದು ಓನರಮ್ಮನ ಚಿಕ್ಕ ಮಗನದು. ಅವನು ಮಿಲಿಟರಿಯಲ್ಲಿದ್ದ, ಬಾಂಗ್ಲಾ ಯುದ್ಧದಲ್ಲಿ ಸತ್ತಿದ್ದ. ಯುದ್ಧ ಮುಗಿದು ಆಗಲೇ ಏಳೆಂಟು ವರ್ಷ ಆಗಿತ್ತು. ಅವನ ಕಥೆಯನ್ನು ಆಕೆ ನನಗೆ ಹೇಳಿದ್ದು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಮೊದಲು ಟೆಲಿಗ್ರಾಮು ಬಂತು, ಆಮೇಲೆ ಟ್ರಂಕು ಬಂತು, ಹೆಣ ಬರಲಿಲ್ಲ. ಆಗೆಲ್ಲ ಹೆಣ ಕಳಿಸುತ್ತಿರಲಿಲ್ಲ. ಸತ್ತ ಕಡೆಯೇ ಮರ್ಯಾದೆಯಿಂದ ಸುಟ್ಟರಂತೆ. ಬೆಂಕಿ ಇಟ್ಟವರು ಯಾರು ಎಂದು ಈಕೆ ಕೇಳಿದ್ದಕ್ಕೆ, ಟ್ರಂಕು ತಂದವನು ಯಾರೋ ದೊಡ್ಡ ಆಫೀಸರು ಅಂದನಂತೆ.

"ನಮ್ ವಂಸದಾಗೆ ಯಾರ್ನೂ ಸುಟ್ಟಿಲ್ಲ ಕಣಮ್ಮ, ಎಲ್ಲಾ ಮಣ್ಣೇಯ," ಅಂದರು ಅವರು, ಕೈಯಲ್ಲಿದ್ದ ಕಾಯನ್ನು ಸುಲಿಯದೆ. "ಎತ್ತೋಳ ಕೈಲಿ ಮೂರು ಇಡಿ ಮಣ್ಣು ಬೀಳ್ನಿಲ್ಲ ಅವನ ಮ್ಯಾಲೆ. ಇನ್ನ ಓಗ್ಬುಟ್ಟ ಅಂತ ಎಂಗೆ ಅಂದ್ಕಳ್ಳಾನ?"

ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು. ನಮ್ಮಲ್ಲಿ ಸುಡುತ್ತಾರೆ. ಹೆಂಗಸರು ಸ್ಮಶಾನದ ದಾರಿಯನ್ನೇ ಹಿಡಿಯುವಂತಿಲ್ಲ, ಬಾಗಿಲಲ್ಲಿ ಅತ್ತು, ತಲೆಗೆ ನೀರು ಹಾಕಿಕೊಂಡು, ಒಲೆ ಹಚ್ಚಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಮಣ್ಣು ಮಾಡುವುದು ಹೇಗೆ, ಗುಂಡಿಯ ಸುತ್ತ ಬಂಧುಗಳೆಲ್ಲ ನಿಂತು ಹೆಣದ ಮೇಲೆ ತಲಾ ಮೂರು ಹಿಡಿ ಮಣ್ಣು ಹಾಕುವುದು ಎಂದರೇನು, ನಾನು ಕಂಡಿರಲಿಲ್ಲ. ಪಾಪ, ಮಗನ ಮುಖ ನೋಡಲಿಲ್ಲವಲ್ಲ ಎಂಬ ಸಂಕಟಕ್ಕೆ ಹಾಗೆ ಹೇಳುತ್ತಿದ್ದಾರೆ ಅಂದುಕೊಂಡು, ಸಮಾಧಾನಕ್ಕೆ ಏನೋ ಒಂದು ಹೇಳಿ, ಅವರೆಕಾಳಿನ ತಟ್ಟೆ ಎತ್ತಿಕೊಂಡು ಒಳಗೆ ಬಂದೆ.

ನಮ್ಮ ಯಜಮಾನರ ವಿಷಯ ಹೇಳಬೇಕು. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಕಾರ್ಖಾನೆ ಅನ್ನ ಹಾಕುತ್ತಿತ್ತು, ಸಂಘ ಅವರ ಜೀವ ಹಿಡಿದಿತ್ತು. ಶಾಮಿಯಾನ, ಮೈಕು, ಹಾರ ಈ ಮೂರು ಇದ್ದರೆ ಅವರಿಗೆ ಊಟ ತಿಂಡಿ ಬೇಡ. ಬೀದಿ ನಲ್ಲಿಗೆ ನೀರು ಬಂದ ದಿನವೂ ಒಂದು ವಂದನಾರ್ಪಣೆ ಇಟ್ಟುಕೊಂಡಿದ್ದ ಮನುಷ್ಯ. ಸಂಘದಲ್ಲಿ ಒಬ್ಬರು ನಿವೃತ್ತ ಹವಾಲ್ದಾರರಿದ್ದರು, ಹತ್ತಿರದ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ. ನಮ್ಮ ಬಡಾವಣೆಯ ಹುಡುಗನೇ ದೇಶಕ್ಕೆ ಪ್ರಾಣ ಕೊಟ್ಟಿದ್ದಾನೆ, ಒಂದು ಗುರುತೂ ಇಲ್ಲವಲ್ಲ ಎಂದು ಅವರಿಬ್ಬರೂ ಮಾತಾಡಿಕೊಂಡರು. ನಾಲ್ಕು ರಸ್ತೆ ಕೂಡುವಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಆನೇಕಲ್ ಕಡೆಯಿಂದ ಕರಿಕಲ್ಲು ಬಂತು. ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿ, ಹುಡುಗನ ಹೆಸರು ಕೆತ್ತಿಸಿ, ಕೆಳಗೆ ಬಿಳಿ ಸಿಮೆಂಟಿನ ಕಟ್ಟೆ ಕಟ್ಟಿಸಿದರು.

ಕಲ್ಲು ತರಿಸುವ ಮುಂಚೆ ಓನರಮ್ಮನನ್ನು ಕೇಳಲು ಇಬ್ಬರೂ ಬಂದಾಗ ನಾನೂ ಅಲ್ಲಿದ್ದೆ. ಯಜಮಾನರು ತ್ಯಾಗ, ಬಲಿದಾನ, ಮುಂದಿನ ಪೀಳಿಗೆ ಅಂತ ಭಾಷಣವನ್ನೇ ಮಾಡಿದರು. ಆಕೆ ಎಲ್ಲ ಕೇಳಿಸಿಕೊಂಡು, ಕಲ್ಲು ನಿಲ್ಲಿಸುವುದು ಎಲ್ಲಿ ಎಂದು ಮಾತ್ರ ಕೇಳಿದರು. ಕೂಡುರಸ್ತೆಯಲ್ಲಿ ಅಂದರು ಯಜಮಾನರು. ಬಡಾವಣೆ ಆಗುವ ಮುಂಚೆ ಆ ಜಾಗ ಅವರದೇ ರಾಗಿ ಹೊಲ.

"ನಮ್ ವಲದಾಗೇನಾ," ಅಂದರು. "ಸರಿ ಬುಡಪ್ಪ. ನಮ್ ಜನಕ್ಕೆಲ್ಲ ಯೋಳಿ ಕಳಿಸ್ತೀನಿ."

ಹಳ್ಳಿಯ ಜನರ ಬೆಂಬಲವೂ ಸಿಕ್ಕಿತಲ್ಲ ಎಂದು ಯಜಮಾನರು ಉಬ್ಬಿಹೋದರು. ಸಾವಿಗೂ ಹೇಳಿ ಕಳಿಸುತ್ತಾರೆ ಎಂಬುದು ನಮ್ಮ ಮೂವರ ತಲೆಗೂ ಹೊಳೆಯಲಿಲ್ಲ.

ನನಗೆ ಎರಡು ಕೆಲಸ ಬಿತ್ತು. ಕಲ್ಲಿನ ಮುಂದೆ ದೊಡ್ಡ ರಂಗೋಲಿ ಹಾಕುವುದು, ಓನರಮ್ಮನಿಗೆ ಕಾರ್ಯಕ್ರಮದ ಕ್ರಮ ಹೇಳಿಕೊಡುವುದು. ಕಲ್ಲಿನ ಬುಡಕ್ಕೆ ಇಡಬೇಕಾದ ಹೂವಿನ ಚಕ್ರದ ಬದಲು ಬಿಂದಿಗೆಯ ಸಿಂಬೆ ಕೊಟ್ಟು, ಹೊಸ್ತಿಲನ್ನೇ ಕಲ್ಲು ಅಂದುಕೊಳ್ಳಿ ಎಂದೆ. ಆಕೆ ನಾನು ಹೇಳಿದ ಹಾಗೇ ನಡೆದು ಬಂದು, ಬಗ್ಗಿ ಸಿಂಬೆ ಇಟ್ಟು, ಕೈ ಮುಗಿದರು. ಇದಾದ ಮೇಲೆ ಸೈರನ್ ಕೂಗುತ್ತದೆ, ಎಲ್ಲರೂ ಎರಡು ನಿಮಿಷ ಮೌನವಾಗಿ ನಿಲ್ಲಬೇಕು ಅಂದೆ.

"ಯಾಕೆ?"

"ಗೌರವ ಕೊಡೋಕೆ."

"ಸುಮ್ಕಿದ್ರೆ ಗೌರವಾನಾ?" ಆಕೆ ತಮಾಷೆಗೆ ಕೇಳಿರಲಿಲ್ಲ. "ಸಾವಿನ್ ಮುಂದೆ ಬಾಯಿ ಬುಡದೆ ನಿಲ್ಲೋರು ಆಗದೋರು ಕಣಮ್ಮ. ನಮ್ಮೋರು ಅಂದ್ರೆ ಅಳ್ತಾರೆ."

ಮೌನ ಎಂದರೆ ಗೌರವ ಎಂದು ನನಗೆ ಶಾಲೆಯಲ್ಲಿ ಹೇಳಿದ್ದರು, ಯಾಕೆ ಎಂದು ಹೇಳಿರಲಿಲ್ಲ. ರಾತ್ರಿ ಯಜಮಾನರನ್ನು ಕೇಳಿದರೆ, ಎಲ್ಲ ದೇಶದಲ್ಲೂ ಹಾಗೇ ಮಾಡುತ್ತಾರೆ ಕಣೇ, ತಲೆ ತಿನ್ನಬೇಡ ಅಂದರು. ತಲೆ ತಿನ್ನುತ್ತಿದ್ದದ್ದು ನಾನಲ್ಲ, ಆಕೆಯ ಪ್ರಶ್ನೆ.

ಕಾರ್ಯಕ್ರಮದ ಭಾನುವಾರ ಬೆಳಗಿನ ಜಾವವೇ ಎದ್ದು, ಚಳಿಯಲ್ಲಿ ನಡುಗುತ್ತಾ ರಂಗೋಲಿ ಹಾಕಿದೆ. ನಡುವೆ ದೀಪ, ಸುತ್ತ ಬಳ್ಳಿ, ಅಂಚಿಗೆ ಕೇಸರಿ ಬಿಳಿ ಹಸಿರು. ಬೆನ್ನು ಬಿದ್ದುಹೋಯಿತು, ಆದರೆ ನೋಡಿದವರೆಲ್ಲ ಹೊಗಳಿದರು. ಅಡುಗೆಯವರು ಬೂಂದಿ, ಖಾರದ ಪೊಟ್ಟಣ ಕಟ್ಟಿ ಬುಟ್ಟಿಗಳಲ್ಲಿ ತಂದಿಟ್ಟರು. ಅಷ್ಟರಲ್ಲಿ ಓನರಮ್ಮನ ನೆಂಟರು ಬರತೊಡಗಿದರು. ಗಾಡಿಗಳಲ್ಲಿ ಬಂದರು, ನಡೆದು ಬಂದರು, ನಾವು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಜನ. ಕಾಫಿ ಕೊಟ್ಟರೆ ಯಾರೂ ಮುಟ್ಟಲಿಲ್ಲ. ಹೆಂಗಸರು ಹೂ ಮುಡಿದಿರಲಿಲ್ಲ. ಜೊತೆಗೆ ತಮಟೆಯವರೂ ಬಂದಿದ್ದರು.

ತಮಟೆ ಕಂಡು ಯಜಮಾನರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಖ್ಯ ಅತಿಥಿಗಳ ಸ್ವಾಗತಕ್ಕೆ ಜನರೇ ವಾದ್ಯ ತಂದಿದ್ದಾರೆ ಎಂದು ನನಗೆ ಪಿಸುಗುಟ್ಟಿ, ಓಡಿಹೋಗಿ ಅವರನ್ನು ರಸ್ತೆಯ ತುದಿಯಲ್ಲಿ ನಿಲ್ಲಿಸಿದರು. ಅತಿಥಿಗಳು ಒಂದು ಕಾರ್ಖಾನೆಯ ದೊಡ್ಡ ಅಧಿಕಾರಿ. ಅವರು ಕಾರಿನಿಂದ ಇಳಿದದ್ದೇ ತಮಟೆ ಶುರುವಾಯಿತು. ಅವರು ಎರಡೂ ಕಡೆಗೆ ಕೈ ಮುಗಿಯುತ್ತಾ, ನಗುತ್ತಾ, ಸಾವಿನ ತಮಟೆಯ ಹಿಂದೆ ಶಾಮಿಯಾನದವರೆಗೆ ನಡೆದು ಬಂದರು. ಅದು ಸಾವಿನ ಬಡಿತ ಎಂದು ನೆಂಟರೆಲ್ಲರಿಗೂ ಗೊತ್ತಿತ್ತು, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಟ್ಟಣದ ಜನ ಹೀಗೇ ಇರಬೇಕು ಎಂದು ಅವರೂ ಸುಮ್ಮನಿದ್ದರು.

ಓನರಮ್ಮ ಬಂದು ನನ್ನ ರಂಗೋಲಿಯ ಅಂಚಿನಲ್ಲಿ ನಿಂತರು. ಅದನ್ನು ನೋಡಿದರು, ನನ್ನನ್ನು ನೋಡಿದರು. ಅವರ ಹಿಂದೆ ಬಂದ ವಯಸ್ಸಾದ ಹೆಂಗಸೊಬ್ಬಳು ಕಾಲಿನಿಂದ ಸರಸರ ಎಂದು ದೀಪ, ಬಳ್ಳಿ ಎಲ್ಲ ಅಳಿಸಿಬಿಟ್ಟಳು. ನನಗೆ ಉರಿದುಹೋಯಿತು. ಏನಜ್ಜಿ ಇದು ಎಂದು ಮುಂದೆ ನುಗ್ಗಿದವಳು ಅವಳ ಮುಖ ನೋಡಿ ನಿಂತೆ. ಅಲ್ಲಿ ಕೋಪವಿರಲಿಲ್ಲ, ನನ್ನ ಬಗ್ಗೆ ಕನಿಕರ ಇತ್ತು. ಸಾವಿನ ಮನೆ ಮುಂದೆ ನಮ್ಮಲ್ಲೂ ರಂಗೋಲಿ ಹಾಕುವುದಿಲ್ಲ ಎಂಬುದು ಆಗ ನೆನಪಾಯಿತು. ಆದರೆ ಇದು ಸಾವಿನ ಮನೆಯೇ? ಸಮಾರಂಭವಲ್ಲವೇ? ಅದೇ ವೇಳೆಗೆ ಕಲ್ಲಿನ ಹತ್ತಿರ ಇನ್ನೊಂದು ಚರ್ಚೆ ನಡೆಯುತ್ತಿತ್ತು, ಚಪ್ಪಲಿ ಬಿಡಬೇಕೋ ಬೇಡವೋ ಎಂದು. ಸಿಪಾಯಿ ಬೂಟು ಹಾಕಿಕೊಂಡೇ ಗೌರವ ಕೊಡುತ್ತಾನೆ ಎಂದರು ಹವಾಲ್ದಾರರು. ಕೆಲವರು ಬಿಟ್ಟರು, ಕೆಲವರು ಹಾಕಿಕೊಂಡರು, ನಮ್ಮ ಯಜಮಾನರು ಯಾವುದಕ್ಕೂ ಇರಲಿ ಎಂದು ಚಪ್ಪಲಿ ಬಿಟ್ಟು ಅದರ ಮೇಲೆಯೇ ನಿಂತುಕೊಂಡರು.

ಭಾಷಣಗಳಾದವು. ಅತಿಥಿಗಳು ಹೂವಿನ ಚಕ್ರ ಇಟ್ಟರು. ಓನರಮ್ಮನ ಸರದಿ ಬಂತು. ಆಕೆ ನಾನು ಹೇಳಿಕೊಟ್ಟಂತೆಯೇ ನಡೆದು ಹೋಗಿ, ಬಗ್ಗಿ, ಚಕ್ರ ಇಟ್ಟು, ಕೈ ಮುಗಿದರು. ಸದ್ಯ, ಎಲ್ಲ ಸರಿಯಾಗಿ ನಡೆಯಿತು ಅಂದುಕೊಂಡೆ. ಹವಾಲ್ದಾರರು ಸೆಲ್ಯೂಟ್ ಹೊಡೆದರು, ಅವರ ಫ್ಯಾಕ್ಟರಿಯ ಸೈರನ್ ಕೂಗಿತು, ಎಲ್ಲರೂ ತಲೆ ತಗ್ಗಿಸಿದೆವು.

ಸೈರನ್ ನಿಂತ ಮೇಲೆ ಅಷ್ಟು ಜನ ಇದ್ದೂ ಉಸಿರಿನ ಸದ್ದಿಲ್ಲ. ಆ ನಿಶ್ಶಬ್ದ ನನಗೆ ನಿಜವಾಗಿಯೂ ದೊಡ್ಡದು ಅನ್ನಿಸಿತು, ಕಣ್ಣು ತುಂಬಿ ಬಂತು. ಆಗ ಓನರಮ್ಮ ತಿರುಗಿ ನಮ್ಮೆಲ್ಲರನ್ನೂ ಒಂದು ಸಲ ನೋಡಿದರು. ಇಷ್ಟು ಜನ ಬಂದು ಒಬ್ಬರೂ ಬಾಯಿ ಬಿಡುತ್ತಿಲ್ಲವಲ್ಲ ಎಂಬ ನೋಟ ಅದು. ಆಮೇಲೆ ತಾವೇ ಬಾಯಿ ಬಿಟ್ಟರು.

"ನನ್ನಪ್ಪಾ, ಎಲ್ಲಿ ಮಲಗಿದ್ಯೋ ಇಷ್ಟ್ ದಿನ, ಯಾರ್ ದುಪ್ಪಟಿ ಒದಿಸಿದ್ರೋ ನಿಂಗೆ..."

ಅದು ಬರೀ ಅಳುವಲ್ಲ, ರಾಗ ಕಟ್ಟಿ ಅಳುವುದು. ನೆಂಟರ ಹೆಂಗಸರೂ ಸೇರಿಕೊಂಡರು. ಸಂಘದ ಯಾರೋ ಶ್, ಶ್ ಎಂದರು. ಓನರಮ್ಮ ಮಡಿಲಿಗೆ ಕೈ ಹಾಕಿ, ಹಿಡಿ ತುಂಬ ಕೆಂಪು ಮಣ್ಣು ತೆಗೆದು, ಕಲ್ಲಿನ ತಲೆಯ ಮೇಲೆ ಸುರಿದರು. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಹೊಳೆಯುವ ಕಲ್ಲಿನ ಮೇಲಿಂದ ಮಣ್ಣು ಜಾರಿ ಬಿಳಿ ಕಟ್ಟೆಯ ಮೇಲೆ, ಅತಿಥಿಗಳ ಹೂವಿನ ಮೇಲೆ, ಅವರ ಬೂಟಿನ ಮೇಲೆ ಬಿತ್ತು. ಅವರು ಗಾಬರಿಯಿಂದ ಹಿಂದೆ ಸರಿದರು.

ಒಂದು ಕ್ಷಣದಲ್ಲಿ ಶಾಮಿಯಾನದ ತುಂಬ ಕಾರಣಗಳು ಹುಟ್ಟಿಕೊಂಡವು. ಹೊಲ ಹೋದ ಸಿಟ್ಟು ಅಂದರು ಒಬ್ಬರು. ಸರ್ಕಾರದ ಮೇಲಿನ ಕೋಪ ಅಂದರು ಇನ್ನೊಬ್ಬರು. ಪಾಪ, ತಲೆ ಕೆಟ್ಟಿದೆ ಎಂದೂ ಯಾರೋ ಹೇಳಿದರು. ಯಜಮಾನರು ಮೈಕು ಹಿಡಿದು ದಯವಿಟ್ಟು ಶಾಂತಿ ಕಾಪಾಡಿ ಎಂದು ಕೇಳಿಕೊಳ್ಳುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಅಷ್ಟರಲ್ಲಿ ನೆಂಟರು ಸಾಲಾಗಿ ಬಂದರು. ಅವಸರವಿಲ್ಲ, ಜಗಳವಿಲ್ಲ. ಗಂಡಸರು, ಹೆಂಗಸರು, ಕೋಲೂರಿಕೊಂಡ ಮುದುಕರು, ಪ್ರತಿಯೊಬ್ಬರೂ ರಸ್ತೆ ಬದಿಯ ಮಣ್ಣನ್ನೇ ಬಾಚಿ ಮೂರು ಹಿಡಿ ಹಾಕಿ, ಕೈ ಮುಗಿದು, ಪಕ್ಕಕ್ಕೆ ಸರಿದರು. ಕೆತ್ತಿಸಿದ ಹೆಸರಿನ ಕೆಳಗಿನ ಅಕ್ಷರಗಳು ಮುಚ್ಚಿಹೋದವು.

ಅವರೆಕಾಯಿ ಸುಲಿಯುತ್ತಾ ಆಕೆ ಹೇಳಿದ ಮಾತು ನನಗೆ ಆಗ ನೆನಪಾಯಿತು. ನಾವು ಸಮಾರಂಭ ಇಟ್ಟುಕೊಂಡಿದ್ದೆವು, ಅವರು ಮಣ್ಣಿಗೆ ಬಂದಿದ್ದರು. ಯಾರಿಗಾದರೂ ಹೇಳಬೇಕೆನ್ನಿಸಿತು, ಹೇಳುವುದು ಯಾರಿಗೆ, ಏನಂತ? ಯಾರದು ಸರಿ ಎಂದು ನನಗೇ ತಿಳಿದಿರಲಿಲ್ಲ. ಇದರ ನಡುವೆ ಹವಾಲ್ದಾರರು ಸೆಲ್ಯೂಟಿಗೆ ಎತ್ತಿದ ಕೈ ಇಳಿಸಿರಲೇ ಇಲ್ಲ. ಎರಡು ನಿಮಿಷ ಯಾವಾಗಲೋ ಕಳೆದಿತ್ತು. ಮಣ್ಣು ಹಾಕುವ ಕೊನೆಯ ಮುದುಕ ಪಕ್ಕಕ್ಕೆ ಸರಿಯುವವರೆಗೂ ಆ ಕೈ ಹಣೆಯ ಹತ್ತಿರ ಹಾಗೇ ಇತ್ತು. ಯಾಕೆ ಎಂದು ಆಮೇಲೆ ಯಜಮಾನರು ಕೇಳಿದ್ದಕ್ಕೆ, ಇಳಿಸೋದು ಯಾವಾಗ ಅಂತ ಗೊತ್ತಾಗಲಿಲ್ಲ ಸಾರ್ ಎಂದರಂತೆ.

ನೆಂಟರು ಬೂಂದಿ ಪೊಟ್ಟಣದ ಕಡೆ ತಿರುಗಿಯೂ ನೋಡದೆ ಸ್ನಾನಕ್ಕೆ ಬಾವಿಯ ಕಡೆ ಹೋದರು. ಬುಟ್ಟಿಗಳು ನಮ್ಮ ಅಡುಗೆಮನೆಗೆ ಬಂದವು. ನಾನು ಹೊರಗೇ ನಿಂತು ಯಜಮಾನರನ್ನು ಕೇಳಿದೆ, ಈಗ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕಾ, ಹಾಗೇ ಬರಬಹುದಾ? ಸಭೆಗೆ ಹೋಗಿ ಬಂದು ಯಾರಾದರೂ ಸ್ನಾನ ಮಾಡುತ್ತಾರೇನೇ ಎಂದು ರೇಗಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ಧಾರಾಕಾರವಾಗಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಧೂಳು ಜಾಸ್ತಿ ಇತ್ತು ಎಂದರು ತಲೆ ಒರೆಸಿಕೊಳ್ಳುತ್ತಾ. ನಾನೂ ಧೂಳು ಎಂದುಕೊಂಡೇ ತಲೆಗೆ ಹಾಕಿಕೊಂಡೆ.

ಮಾರನೆಯ ದಿನ ಸಂಘದವರು ಕಲ್ಲನ್ನು ತೊಳೆಸುವುದೆಂದು ತೀರ್ಮಾನಿಸಿದರು. ಅವರ ಮೇಲೆ ನನಗೆ ಬೇಸರವಿಲ್ಲ, ಊರಿನವರು ಕಂಡರೆ ಸ್ಮಾರಕಕ್ಕೆ ಯಾರೋ ಮಣ್ಣೆರಚಿ ಅವಮಾನ ಮಾಡಿದ್ದಾರೆ ಅಂದುಕೊಳ್ಳುತ್ತಾರೆ ಎಂಬುದು ಅವರ ಭಯ. ಆದರೆ ಪೈಪು ಹಿಡಿದರೆ ಆ ಮಣ್ಣು ಹೋಗಿ ಸೇರುವುದು ಚರಂಡಿಗೆ. ಅದು ಯಾಕೋ ನನಗೆ ತಡೆಯಲಾಗಲಿಲ್ಲ. ಅವರು ಬರುವ ಮುಂಚೆ ನಾನೇ ಬಕೆಟ್ಟು ತೆಗೆದುಕೊಂಡು ಹೋಗಿ, ಕೈಯಿಂದಲೇ ಬಾಚಿ ತುಂಬಿಕೊಂಡು ಬಂದೆ. ತಂದೆನೇನೋ ನಿಜ, ಇಡುವುದೆಲ್ಲಿ? ಇದು ಬರೀ ಮಣ್ಣಾ, ಹೆಣವಾ? ಒಳಗೆ ಇಡುವಂತಿಲ್ಲ, ಹೊರಗೆ ಚೆಲ್ಲುವಂತಿಲ್ಲ. ನನ್ನ ಗತಿಗೆ ನಾನೇ ಬೈದುಕೊಳ್ಳುತ್ತಾ ಮೆಟ್ಟಿಲ ಕೆಳಗಿಟ್ಟು, ಮೇಲೆ ಹಳೆಯ ಮೊರ ಮುಚ್ಚಿದೆ.

ಮೂರನೆಯ ದಿನ ಅವರಲ್ಲಿ ಗುಂಡಿಯ ಮೇಲೆ ಹಾಲು ತುಪ್ಪ ಬಿಡುವ ದಿನ. ಬೆಳಿಗ್ಗೆ ಓನರಮ್ಮ ಹಿರಿಯ ಮಗನ ಜೊತೆ ಹಾಲಿನ ಚೊಂಬು ಹಿಡಿದು ಹೋದವರು ಬೇಗನೆ ಹಿಂದಿರುಗಿದರು. ಕಲ್ಲು ಫಳಫಳ ಹೊಳೆಯುತ್ತಿತ್ತು, ಹಾಲು ಬಿಡಲು ಒಂದು ಚಿಟಿಕೆ ಮಣ್ಣೂ ಇರಲಿಲ್ಲ. ಚೊಂಬು ತುಂಬಿದ್ದ ಹಾಗೇ ಇತ್ತು. ಅಂಗಳದ ಮಧ್ಯೆ ನಿಂತು ಆಕೆ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಬಕೆಟ್ಟು ಎಳೆದು ತಂದು ಅವರ ಮುಂದೆ ಇಟ್ಟು ಮೊರ ತೆಗೆದೆ. ಆಕೆ ಮಣ್ಣನ್ನು ನೋಡಿದರು, ಬೆರಳಿನಿಂದ ಮುಟ್ಟಿದರು.

"ನೀನೇ ತಗಂಬಾ," ಅಂದರು.

ಹೀಗೆ ನಮ್ಮ ವಂಶದ ಯಾವ ಹೆಂಗಸೂ ಹೋಗದ ಜಾಗಕ್ಕೆ ನಾನು ಕಂಕುಳಲ್ಲಿ ಬಕೆಟ್ಟು ಇಟ್ಟುಕೊಂಡು ಹೋದೆ. ಅವರ ಹೊಲಗಳೆಲ್ಲ ಹೋಗಿ ಉಳಿದದ್ದು ಒಂದು ಶೆಡ್ಡಿನ ಹಿಂದಿನ ತುಂಡು ಜಾಗ, ಅಲ್ಲಿ ಅವರ ಯಜಮಾನರ ಸಮಾಧಿ ಇತ್ತು. ಮಡಿಲ ಮಣ್ಣನ್ನು ಆಕೆ ತಂದದ್ದೂ ಅಲ್ಲಿಂದಲೇ ಎಂದು ಹಿರಿಯ ಮಗ ಹೇಳಿದ. ಅವನು ಅಪ್ಪನ ಪಕ್ಕದಲ್ಲಿ ಗುದ್ದಲಿಯಿಂದ ಮೊಣಕೈಯಷ್ಟು ಆಳದ ಗುಂಡಿ ತೆಗೆದ. ಶೆಡ್ಡಿನೊಳಗೆ ಲೇತ್ ಓಡುವ ಸದ್ದು ಒಂದೇ ಸಮ ಬರುತ್ತಿತ್ತು. ಬಕೆಟ್ಟಿನ ಮಣ್ಣನ್ನು ಆಕೆ ಗುಂಡಿಗೆ ಸುರಿದು, ಕೊನೆಗೆ ಸ್ವಲ್ಪ ಉಳಿಸಿ ನನ್ನ ಕಡೆ ತಿರುಗಿಸಿದರು. ಯಾವತ್ತೂ ನೋಡದ ಆ ಹುಡುಗನಿಗೆ ನಾನೂ ಮೂರು ಹಿಡಿ ಹಾಕಿದೆ. ಆಕೆ ಹಾಲು ಬಿಟ್ಟರು, ತುಪ್ಪ ಬಿಟ್ಟರು. ಅಂದು ಆಕೆ ಅಳಲಿಲ್ಲ. ಸುಮ್ಮನೆ ನಿಂತರು, ಮಗನೂ ಸುಮ್ಮನೆ ನಿಂತ. ಅತ್ತದ್ದು ನಾನು.

ವಠಾರಕ್ಕೆ ಬಂದು ಬಾವಿಕಟ್ಟೆಯಲ್ಲಿ ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. ಆ ದಿನ ಸ್ನಾನ ಮಾಡಬೇಕಾ ಎಂದು ನಾನು ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಹಿರಿಯ ಮಗ ಮುಂದಿನ ರೂಮಿನಿಂದ ಟ್ರಂಕನ್ನು ಎತ್ತಿಕೊಂಡು ತಮ್ಮ ಮನೆಯೊಳಗೆ ಹೋಗುವುದು ಕಾಣಿಸಿತು. ಓನರಮ್ಮ ಆ ರೂಮನ್ನು ಗುಡಿಸಿ, ಸಾರಿಸಿ, ಬೀದಿ ಕಡೆಯ ಕಿಟಕಿ ತೆರೆದಿಟ್ಟು, ಒದ್ದೆ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದರು.

"ಮುಂದ್ಲ ರೂಮು ಖಾಲಿ ಐತೆ ಕಣಮ್ಮ," ಅಂದರು. "ನಿನ್ ಮನೇಲಿ ಬೆಳಕಿಲ್ಲ ಅಂತಿದ್ಯಲ್ಲ. ನೀನೇ ಬತ್ತೀಯಾ?"

ಎಷ್ಟು ದಿನದಿಂದ ಆಸೆಪಟ್ಟಿದ್ದ ರೂಮು. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ತಿಳಿಯದೆ ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ, ಆಕೆ ಕಾಯುತ್ತಲೇ ಇದ್ದರು.